ಅರ್ಕಾವತ್ತಿನ ಬಾಯಾರು

ಕೆಡಿಸಿದವನು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನಮ್ಮ ಟೈಪಿಂಗ್ ಕ್ಲಾಸಿನ ಬಾಯಾರ ಬಗ್ಗೆ ನಾನು ಏನು ಬರೆದರೂ ದಾಂಡೇಲಿಯ ನಮ್ಮ ಓಣಿಯವರು “ಕೆಡಿಸಿದಂವನ ಬರಿಯಾಕ ಕುಂತಾನ ನೋಡ್ರಿ” ಎಂದು ನಗುತ್ತಾರೆ. ಬಾಯಾರು ಎಷ್ಟೋ ತಿಂಗಳು ಕೂತು ಮಾಡಿದ ಕೆಲಸವನ್ನು ನಾನು ಅವರ ಬೆನ್ನ ಹಿಂದೆ ನಿಂತು, ಅವರದೇ ದನಿಯಲ್ಲಿ, ಒಂದು ಕಪ್ ಚಹಾ ಆರುವಷ್ಟರಲ್ಲಿ ಕೆಡಿಸಿದೆ. ಸಹಾಯ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ಮಂಗನ ಕೈಗೆ ಮಾಣಿಕ್ಯ ಸಿಕ್ಕಿತು ಅನ್ನುತ್ತಾರಲ್ಲ, ಈ ಮಂಗನಿಗೆ ಅದನ್ನು ತಿಕ್ಕಿ ಹೊಳಪು ಮಾಡಿಕೊಡುವ ಉಮೇದು ಬೇರೆ ಇತ್ತು.

ಮೊನ್ನೆ ಬಾಯಾರು ಹೋದರು. ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ಬೆನ್ನು ನೆಟ್ಟಗಿತ್ತು. ನನಗೆ ಅಳು ಬರಲಿಲ್ಲ. ಅತ್ತಂತೆ ಮಾಡಲು ಬರುತ್ತದೆ, ಅದು ನನ್ನ ಹೊಟ್ಟೆಪಾಡು. ಜೋಯಿಡಾ ಕಡೆಯ ಒಂದು ರೆಸಾರ್ಟಿನಲ್ಲಿ ಸಂಜೆ ಬೆಂಕಿಯ ಸುತ್ತ ಕೂರುವ ಪ್ರವಾಸಿಗರಿಗೆ ನಾನು ಮಿಮಿಕ್ರಿ ಮಾಡುತ್ತೇನೆ. ಆ ದಿನ ಅಲ್ಲಿ ನಿಂತು ನಾನು ನೋಡಿದ್ದು ಅವರ ಕೈಗಳನ್ನು ಮಾತ್ರ. ಸುಮ್ಮನಿದ್ದವು. ಅವು ಸುಮ್ಮನಿದ್ದುದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಯಾಕೆಂದರೆ ಬಾಯಾರ ಕೈಗಳು ಕಿವಿಗೆ ಕಟ್ಟಿದಂತಿದ್ದವು. ಯಾರೇ ಮಾತಾಡಲಿ, ಅವರ ಬೆರಳುಗಳು ಸೀರೆಯ ನೆರಿಗೆಯ ಮೇಲೆ ಅದನ್ನು ಟೈಪ್ ಮಾಡುತ್ತಿದ್ದವು. ಹಳಿಯಾಳದ ಬಸ್ಸಿನಲ್ಲಿ ಕಂಡಕ್ಟರ್ ಊರು ಕೂಗಿದರೆ ಮುಂದಿನ ಸೀಟಿನ ಸರಳಿನ ಮೇಲೆ ಟೈಪ್. ಮದುವೆಯಲ್ಲಿ ಸ್ವಾಮಿಗಳು ಆಶೀರ್ವಚನಕ್ಕೆ ನಿಂತರೆ ಮಡಿಲ ಮೇಲಿನ ಅಕ್ಷತೆಯ ಮೇಲೆ ಟೈಪ್. “ಬಾಯಾರ, ಸ್ವಾಮಿಗಳು ಎಷ್ಟು ತಪ್ಪು ಮಾಡಿದ್ರು?” ಎಂದು ನಾನು ಕೇಳಿದರೆ, “ತಪ್ಪಿಲ್ಲ. ಪೂರ್ಣವಿರಾಮನೂ ಇಲ್ಲ” ಎನ್ನುತ್ತಿದ್ದರು.

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಬಾಯಾರು ಅನ್ನುತ್ತೇವೆ. ಇವರು ಕಲಿಸುತ್ತಿದ್ದುದು ಬೆರಳಚ್ಚು. ಅವರ ಅಪ್ಪ ಬಿಟ್ಟುಹೋದ ಟೈಪಿಂಗ್ ಕ್ಲಾಸಿನಲ್ಲಿ ಮೆಷಿನ್ನುಗಳು ಹೋಗಿ ಕಂಪ್ಯೂಟರು ಬಂದಿದ್ದವು. ಬೆಂಚು, ಕಿಟಕಿ, ಬಯ್ಗುಳ ಹಾಗೇ ಇದ್ದವು. “ಬೆನ್ನು ನೆಟ್ಟಗ, ಮಣಿಕಟ್ಟು ಮ್ಯಾಲ, ಕಣ್ಣು ಹಾಳಿ ಮ್ಯಾಲ” ಎಂಬುದು ಅಲ್ಲಿಯ ಪ್ರಾರ್ಥನೆ. ಚಿಗಳ್ಳಿ, ಮಳಗಿಯಿಂದೆಲ್ಲ ಬಂದು ಇಲ್ಲಿ ನೆಂಟರ ಮನೆಯಲ್ಲಿ ಉಳಿದು ಕನ್ನಡ ಬೆರಳಚ್ಚು ಪರೀಕ್ಷೆಗೆ ತಯಾರಾಗುವ ಹುಡುಗಿಯರಿದ್ದರು. ಪಾಸಾದರೆ ಎಲ್ಲಾದರೂ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ ಎಂಬ ಆಸೆ. ನಾನೂ ಸೇರಿದ್ದೆ, ಕುರ್ಚಿಯ ಆಸೆಗಲ್ಲ. ಮನೆಯಲ್ಲಿ ಇಡೀ ದಿನ ನನ್ನ ದನಿಗಳನ್ನು ಕೇಳಿ ಅವ್ವನ ತಲೆ ಚಿಟ್ಟು ಹಿಡಿದಿತ್ತು, ಅದಕ್ಕೆ.

ಸೇರಿದ ಕೆಲವೇ ದಿನಕ್ಕೆ ಬಾಯಾರು ಯಾರನ್ನೋ ಮಾತಾಡಿಸಲು ಹೊರಗೆ ಹೋದಾಗ ನಾನು ಅವರ ಕುರ್ಚಿಯ ಹತ್ತಿರ ನಿಂತು ಅವರ ದನಿಯಲ್ಲಿ ಡಿಕ್ಟೇಶನ್ ಶುರು ಮಾಡಿದೆ. ಹುಡುಗಿಯರು ಕತ್ತೆತ್ತಲಿಲ್ಲ, ಟಕಟಕ ಹೊಡೆಯುತ್ತಲೇ ಇದ್ದರು. ಪಾಠ ಮುಗಿಸಿ ತಿರುಗಿದರೆ ಬಾಗಿಲಲ್ಲಿ ಬಾಯಾರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಅಲ್ಪವಿರಾಮ ನುಂಗಿದಿ, ಮಂಗ್ಯಾ” ಎಂದರು. ಅಷ್ಟೇ. ಅವರ ಗಂಟಲು ಕಟ್ಟಿದ ದಿನ ಡಿಕ್ಟೇಶನ್ ಕೊಡುವ ಕೆಲಸ ಅಂದಿನಿಂದ ನನ್ನದಾಯಿತು. ಅವರ ದನಿಯನ್ನು ನಾನು ಕದ್ದದ್ದಲ್ಲ, ಅವರೇ ಕೊಟ್ಟದ್ದು. ಇದನ್ನು ನೆನಪಿಡಿ.

ಈಗ ಕೆಲಸದ ವಿಷಯ. ನನಗೆ ತಿಳಿದಷ್ಟೇ ಹೇಳುತ್ತೇನೆ. ಪರೀಕ್ಷೆಗೆ ಅಭ್ಯಾಸ ಮಾಡುವ ಕನ್ನಡ ಸಾಫ್ಟ್‌ವೇರು ತುಂಬ ಹಳೆಯದು. ಅದು ದುಡ್ಡು ಕೊಟ್ಟು ಕೊಳ್ಳುವ ಒಂದು ಕಂಪ್ಯೂಟರ್ ವ್ಯವಸ್ಥೆಯಲ್ಲಿ ಮಾತ್ರ ನಡೆಯುತ್ತದೆ. ಬಾಯಾರ ಹತ್ತಿರ ಹಾಗೆ ಕೊಂಡದ್ದು ಒಂದೇ ಒಂದಿತ್ತು, ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಉಳಿದವು ಯಾವುದೋ ಆಫೀಸು ಮಾರಿದ ಹಳೆಯ ಕಂಪ್ಯೂಟರುಗಳು. ಊರಿನಲ್ಲಿ ಎಲ್ಲರೂ ಮಾಡುವಂತೆ ಕದ್ದ ಪ್ರತಿ ಹಾಕಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಬಾಯಾರು ಹಾಕಲಿಲ್ಲ. ಪುಕ್ಕಟೆ ಸಿಗುವ, ಯಾರು ಬೇಕಾದರೂ ತೆರೆದು ನೋಡಬಹುದಾದ ವ್ಯವಸ್ಥೆಯನ್ನೇ ಹಾಕಿದರು. ಅದರಲ್ಲಿ ಈ ಹಳೆಯ ಸಾಫ್ಟ್‌ವೇರು ನಡೆಯಬೇಕಾದರೆ ನಡುವೆ ಒಬ್ಬ ನಕಲಿಗಾರ ಬೇಕು. ಸಾಫ್ಟ್‌ವೇರು “ಈ ಅಕ್ಷರ ಎಲ್ಲಿಡಲಿ?” ಎಂದು ಕೇಳಿದಾಗ ಮೂಲ ವ್ಯವಸ್ಥೆ ಏನು ಉತ್ತರ ಕೊಡುತ್ತಿತ್ತೋ ಅದೇ ಉತ್ತರವನ್ನು ಅದೇ ದನಿಯಲ್ಲಿ ಕೊಡುವವನು. ಅಂಥ ನಕಲಿಗಾರನನ್ನು ಲೋಕದ ಬೇರೆ ಬೇರೆ ಮೂಲೆಯ ಜನ ಸೇರಿ, ಸಂಬಳವಿಲ್ಲದೆ ಕಟ್ಟುತ್ತಿದ್ದಾರೆ. ಬಾಯಾರೂ ಕಟ್ಟುತ್ತಿದ್ದರು. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೇಳಿದ್ದರೂ ನಮ್ಮ ಓಣಿಯಲ್ಲಿ “ಪಗಾರ ಎಷ್ಟರೀ?” ಎಂದು ಕೇಳಿ ಸುಮ್ಮನಾಗುತ್ತಿದ್ದರು.

ನನಗೆ ಇದು ತಿಳಿದದ್ದು ಮಂಗಟ್ಟೆ ಹಕ್ಕಿಯಿಂದ. ರೆಸಾರ್ಟಿನಲ್ಲಿ ಹಕ್ಕಿ ಬರದ ದಿನ ನಾನು ಪೊದೆಯ ಹಿಂದೆ ಕೂತು ಮಂಗಟ್ಟೆಯಂತೆ ಕೂಗುತ್ತೇನೆ, ಪ್ರವಾಸಿಗರು ಫೋನು ಎತ್ತಿ ರೆಕಾರ್ಡು ಮಾಡಿಕೊಳ್ಳುತ್ತಾರೆ. ಇದನ್ನು ಜಂಬದಿಂದ ಹೇಳಿದಾಗ ಬಾಯಾರು ಕೇಳಿದರು:

“ನಿನ್ನ ಕೂಗಿಗೆ ಹಕ್ಕಿ ಬರ್ತಾವೇನು?”

“ಇಲ್ರಿ. ಇದ್ದದ್ದೂ ಎದ್ದು ಹೋಗ್ತೈತಿ.”

“ಹಂಗಾರ ಅದು ನಕಲಿ ಅಲ್ಲ, ಚ್ಯಾಷ್ಟಿ. ಪ್ರವಾಸಿ ನಂಬಿದ್ರ ಏನೂ ಆಗೂದಿಲ್ಲ. ಹಕ್ಕಿ ನಂಬಬೇಕು. ನಾ ಮಾಡೂದೂ ಅದ ಕೆಲಸ. ನನ್ನ ಹಕ್ಕಿ ಈ ಸಾಫ್ಟ್‌ವೇರು.”

“ಬಾಯಾರ, ಹಕ್ಕಿ ಹೊಟ್ಟಿ ಕೊಯ್ದು ನೋಡಿದ್ರ ಎಲ್ಲಿಂದ ಕೂಗ್ತೈತಿ ಗೊತ್ತಾಗೂದಿಲ್ಲೇನ್ರಿ?”

“ಅದನ್ನ ಮಾಡಬಾರದು. ಹೊರಗ ನಿಂತು ಕೇಳಬೇಕು, ಕೇಳಿ ಮಾಡಬೇಕು. ಒಳಗ ಹಣಿಕಿ ಹಾಕಿದಂವಾ ಮತ್ತ ಕೂಗಬಾರದು.”

ಆಗ ನನಗೆ ಇದು ಬಾಯಾರ ಇನ್ನೊಂದು ಬಯ್ಗುಳದಂತೆ ಕೇಳಿಸಿತು. ಅದು ನಿಯಮ ಎಂದು ಆಮೇಲೆ ತಿಳಿಯಿತು. ಮೂಲ ವ್ಯವಸ್ಥೆಯ ಒಳಗಿನ ಬರಹವನ್ನು, ಅಂದರೆ ಅದನ್ನು ಮಾಡಿದವರು ಬೀಗ ಹಾಕಿಟ್ಟ ಕೋಡನ್ನು, ಒಮ್ಮೆ ಕಂಡವರು ನಕಲಿಗಾರನ ಆ ಭಾಗವನ್ನು ಬರೆಯುವಂತಿಲ್ಲ. ಕಂಡದ್ದು ಕೈಯಲ್ಲಿ ಇಳಿಯುತ್ತದೆ, ಆಮೇಲೆ ತನ್ನದು ಯಾವುದು, ಅವರದು ಯಾವುದು ಎಂದು ಬೇರೆ ಮಾಡಲಾಗುವುದಿಲ್ಲ.

ಬಾಯಾರ ಪ್ರಕಾರ ಇಂಥ ಎರಡು ಮನೆಗಳಿದ್ದವು. ಪುಕ್ಕಟೆ ವ್ಯವಸ್ಥೆಯೊಳಗೆ ಕೂರುವ ನಕಲಿಗಾರನನ್ನು ಮಾಡುವವರು ‘ಈಚಿಮನಿ’. ಮೂಲದ ತದ್ರೂಪಾದ ಒಂದು ಇಡೀ ವ್ಯವಸ್ಥೆಯನ್ನೇ ಮೊದಲಿನಿಂದ ಕಟ್ಟುವವರು ‘ಆಚಿಮನಿ’. ಕೆಲಸ ಹತ್ತಿರದ್ದು, ಆದ್ದರಿಂದ ಕೋಡು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಆದರೆ ಈಚಿಮನಿಯದು ಆಚಿಮನಿಗೆ ಸಲೀಸಾಗಿ ಹೋಗುತ್ತದೆ. ಆಚಿಮನಿಯದು ಈಚಿಮನಿಗೆ ಬರಬೇಕಾದರೆ ಹೊಸ್ತಿಲಲ್ಲೇ ನಿಲ್ಲಿಸಿ ವಿಚಾರಣೆ.

ನಾನು ಅರ್ಥವಾಗದೆ ಬಾಯಿ ಬಿಟ್ಟುಕೊಂಡು ನೋಡಿದಾಗ ಬಾಯಾರು ಅಡುಗೆಮನೆಯ ಕಡೆ ಕೈ ತೋರಿಸಿದರು. ಅಲ್ಲಿ ಅವರ ಅವ್ವ, ನಾವೆಲ್ಲ ಆಯಿ ಎಂದು ಕರೆಯುವವರು, ಪಕ್ಕದ ಮನೆಯಾಕೆಗೆ ಬಟ್ಟಲಲ್ಲಿ ಹೆಪ್ಪು ಹಾಕಿ ಕೊಡುತ್ತಿದ್ದರು. ಆಯಿ ಓಣಿಗೆಲ್ಲ ಹೆಪ್ಪು ಕೊಡುತ್ತಾರೆ, ದೀಪ ಹಚ್ಚುವುದರೊಳಗೆ ಬಂದರೆ. ಒಮ್ಮೆ ಇವರು ನೆಂಟರ ಊರಿಗೆ ಹೋಗಿ ಬರುವಷ್ಟರಲ್ಲಿ ಮನೆಯ ಹೆಪ್ಪು ಕೆಟ್ಟಿತ್ತು. ಹಿಂದೊಮ್ಮೆ ತಾವೇ ಕೊಟ್ಟಿದ್ದ ಮನೆಯಿಂದ ತಂದು ಹಾಕಿ, “ನಮ್ಮ ಹೆಪ್ಪು ತವರಿಗೆ ಬಂತು” ಎಂದು ಖುಷಿಪಟ್ಟರು. ಆದರೆ ಓಣಿಯ ಒಂದು ಮನೆಗೆ ಆಯಿ ಹೆಪ್ಪು ಕೊಡುತ್ತಾರೆ, ಅಲ್ಲಿಂದ ತರುವುದಿಲ್ಲ. ಆ ಮನೆಯವರು ಎಂದೋ ಅಂಗಡಿಯ ಪಾಕೀಟಿನ ಮೊಸರು ಬೆರೆಸಿದ್ದಾರೆ ಎಂದು ಯಾರೋ ಹೇಳಿದ್ದರಂತೆ.

“ಬೆರೆಸ್ಯಾರೇನು ಖರೇನ?” ಎಂದು ನಾನು ಕೇಳಿದ್ದೆ.

“ಯಾರಿಗ್ಗೊತ್ತಪಾ” ಎಂದಿದ್ದರು ಆಯಿ. “ಮಸರು ಛಲೋ ಇರ್ತೈತಿ. ಎಲ್ಲಿದಂತ ಕೇಳಿದ್ರ ಹೇಳಾಕ ಬರಬೇಕಲಾ.”

ಬಾಯಾರ ಸಂಕಟ ಸರಿಯಾಗಿ ಇದೇ ಆಗಿತ್ತು. ಈಚಿಮನಿಯ ನಕಲಿಗಾರ ಕನ್ನಡದ ಒತ್ತಕ್ಷರಗಳನ್ನು ಅಡ್ಡಾದಿಡ್ಡಿ ಕೂರಿಸುತ್ತಿದ್ದ. ಅಭ್ಯಾಸ ಮಾಡುವ ಹುಡುಗಿಯರು “ಬಾಯಾರ, ಇದು ನನ್ನ ತಪ್ಪೋ, ಮಷಿನ್ನಿಂದೋ?” ಎಂದು ಕೇಳುತ್ತಿದ್ದರು. ಅದು ತಿಳಿಯದಿದ್ದರೆ ಅಭ್ಯಾಸಕ್ಕೆ ಅರ್ಥವಿಲ್ಲ. ಅದು ಸರಿಯಾಗದಿದ್ದರೆ ಕನ್ನಡದ ಕ್ಲಾಸು ಮುಚ್ಚಬೇಕು. ಆಚಿಮನಿಯಲ್ಲಿ ಯಾರೋ ಅದನ್ನು ಸರಿ ಮಾಡಿದ್ದರು. ಬಾಯಾರು ಅದನ್ನು ಈಚಿಮನಿಗೆ ಒಗ್ಗಿಸಿ ತೇಪೆ ಹಚ್ಚಿ ಕಳಿಸಿದರು. ಇದು ಎಲ್ಲಿಂದ ಬಂತು, ಬರೆದವರಿಗೆ ಹೇಗೆ ತಿಳಿಯಿತು, ಒಳಗೆ ಹಣಿಕಿ ಹಾಕಿ ಬರೆದದ್ದಲ್ಲ ತಾನೇ ಎಂದು ಈಚಿಮನಿಯವರು ಕೇಳಿದರು. ಬಾಯಾರಿಗೆ ಹೇಳಲು ಬರಲಿಲ್ಲ. ಹಿಂದಕ್ಕೆ ತೆಗೆದುಕೊಂಡರು.

ಮೊದಲಿನಿಂದ ಶುರು. ಕಸೂತಿ ಬಟ್ಟೆ ಸರಿಸಿ ಆ ಒಂದು ಅಸಲಿ ಕಂಪ್ಯೂಟರಿನಲ್ಲಿ ಒಂದೊಂದೇ ಒತ್ತು ಟೈಪ್ ಮಾಡುವುದು, ಪ್ರಿಂಟು ತೆಗೆಯುವುದು, ಉಕ್ಕಿನ ಸ್ಕೇಲು ಇಟ್ಟು ಅಳೆಯುವುದು. “ಇಂಥ ಅಕ್ಷರ ಕೇಳಿದರೆ ಇಂಥ ಜಾಗ” ಎಂದು ನಕಲಿಗಾರನಿಗೆ ಪರೀಕ್ಷೆ ಬರೆಯುವುದು. ಹೊರಗೆ ನಿಂತು ಹಕ್ಕಿಯ ಕೂಗು ಕೇಳುವುದೆಂದರೆ ಇದು. ಮಳೆಗಾಲ ಪೂರ್ತಿ ಹೀಗೇ ಹೋಯಿತು. ಮೌಳಂಗಿಯಲ್ಲಿ ಹೊಳೆ ಏರಿ ರಾಫ್ಟಿಂಗ್ ನಿಂತು ನನಗೂ ಕೆಲಸವಿರಲಿಲ್ಲ, ಸ್ಕೇಲು ಹಿಡಿದುಕೊಂಡು ನಿಲ್ಲುತ್ತಿದ್ದೆ. ಒಂದೊಂದಾಗಿ ಎಲ್ಲ ಒತ್ತುಗಳೂ ಸರಿ ಕೂತವು. ಅರ್ಕಾವತ್ತು ಮಾತ್ರ ಕೂರಲಿಲ್ಲ.

ಅರ್ಕಾವತ್ತಿನ ಸ್ವಭಾವ ನಿಮಗೆ ಗೊತ್ತು. ಉಚ್ಚಾರದಲ್ಲಿ ಮುಂದೆ, ಬರವಣಿಗೆಯಲ್ಲಿ ಹಿಂದೆ. ಮೊದಲು ಮಾತಾಡಿ ಆಮೇಲೆ ಕೂರುತ್ತದೆ, ನನ್ನ ಹಾಗೆ. ಬಾಯಾರ ಕಂಪ್ಯೂಟರುಗಳಲ್ಲಿ ಅದು ತನ್ನ ಅಕ್ಷರವನ್ನು ಬಿಟ್ಟು ಮುಂದಿನ ಅಕ್ಷರದ ಕಟ್ಟೆ ಹತ್ತಿ ಕೂತಿರುತ್ತಿತ್ತು. ಬಾಯಾರ ಹೆಸರಿನಲ್ಲೇ ಒಂದು ಅರ್ಕಾವತ್ತು ಇತ್ತು. ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ನಕಲಿಗಾರನನ್ನು ಪರೀಕ್ಷಿಸಲು ಅವರು ಟೈಪ್ ಮಾಡುತ್ತಿದ್ದುದು ತಮ್ಮ ಹೆಸರನ್ನೇ, ಪ್ರತಿ ಸಲ ತಪ್ಪು ಕಾಣುತ್ತಿತ್ತು. “ನೋಡು, ಇವತ್ತೂ ಬ್ಯಾರೆಯವರ ಮನ್ಯಾಗ ಕುಂತೈತಿ” ಎನ್ನುತ್ತಿದ್ದರು.

ಹುಡುಗಿಯರ ಪರೀಕ್ಷೆ ಹತ್ತಿರ ಬಂತು. ನನಗೆ ತಾಳ್ಮೆ ಹೋಯಿತು. ಮೂಲ ವ್ಯವಸ್ಥೆಯ ಒಳಗಿನ ಕೋಡು ಯಾವುದೋ ಕಾಲದಲ್ಲಿ ಸೋರಿ ಇಂಟರ್ನೆಟ್ಟಿನ ಯಾವುದೋ ಸಂದಿಯಲ್ಲಿ ಬಿದ್ದಿದೆ ಎಂದು ಗೆಳೆಯನೊಬ್ಬ ಹೇಳಿ, ಸರಿಯಾಗಿ ಆ ತುಣುಕನ್ನೇ ಹುಡುಕಿ ನನ್ನ ಫೋನಿಗೆ ಕಳಿಸಿದ. ಕೊಟ್ಟರೆ ಬಾಯಾರು ತೆಗೆದುಕೊಳ್ಳುವುದಿಲ್ಲ ಎಂಬಷ್ಟು ಬುದ್ಧಿ ನನಗಿತ್ತು. ಅದಕ್ಕಿಂತ ಹೆಚ್ಚು ಇರಲಿಲ್ಲ. ಮಧ್ಯಾಹ್ನ ಹುಡುಗಿಯರು ಊಟಕ್ಕೆ ಹೋಗಿದ್ದರು. ಬಾಯಾರು ಕಂಪ್ಯೂಟರಿನ ಮುಂದೆ ಪರದೆ ನೋಡುತ್ತ ಕೂತಿದ್ದರು, ಪಕ್ಕದಲ್ಲಿ ಚಹಾ. ನಾನು ಹಿಂದೆ ನಿಂತು ಫೋನಿನ ಆ ತುಣುಕನ್ನು ಓದಲು ಅವರ ಡಿಕ್ಟೇಶನ್ ದನಿ ತೆಗೆದೆ.

“ಬೆನ್ನು ನೆಟ್ಟಗ. ಮಣಿಕಟ್ಟು ಮ್ಯಾಲ. ಶುರು. ಅಗಲ ಅಂದ್ರ ಸೊನ್ನಿ, ಅರ್ಧವಿರಾಮ, ಹೊಸಾ ಸಾಲು…”

ಬಾಯಾರ ಕೈ ಹೊಡೆಯತೊಡಗಿದವು. ಅವರು ಹೊಡೆಯಲಿಲ್ಲ, ಕೈ ಹೊಡೆದವು. ಒಂದು ಸಾಲು, ಇನ್ನೊಂದು ಸಾಲು. ನಾನು ಒಂದು ಅಲ್ಪವಿರಾಮವನ್ನೂ ನುಂಗಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಬೆರಳು ನಿಂತವು.

“ಎಲ್ಲಿದೋ ಇದು?”

“ಅಸಲಿದು ರೀ. ಒಳಗಿಂದು.”

ಕಾದ ಹಂಚಿನ ಮೇಲಿಂದ ತೆಗೆಯುವ ಹಾಗೆ ಕೈ ತೆಗೆದರು. ಸೆರಗಿಗೆ ಎರಡೂ ಕೈ ಒರೆಸಿಕೊಂಡರು. ಆಮೇಲೆ ಈಚಿಮನಿಗೆ ಪತ್ರ ಬರೆಯಲು ಕೂತರು: ಈ ಭಾಗದ ಮೂಲವನ್ನು ನಾನು ಕೇಳಿದ್ದೇನೆ, ಕೈಯಾರೆ ಹೊಡೆದಿದ್ದೇನೆ, ಇನ್ನು ಇದನ್ನು ನಾನು ಬರೆಯಬಾರದು.

ನಾನು ವಾದಿಸಿದೆ. ಮೊದಲು ಚೇಷ್ಟೆಯ ವಾದ. “ಬಾಯಾರ, ನಾ ಹೇಳಿದ್ದು ನಿಮ್ಮ ದನಿಯಾಗ. ಅಂದ್ರ ನಿಮಗ ನೀವ ಹೇಳಿಕೊಂಡಂಗ ಆತು.” ಅವರು ಟೈಪ್ ಮಾಡುತ್ತಲೇ ಇದ್ದರು. ಆಮೇಲೆ ಸಣ್ಣ ದನಿಯ ವಾದ, ನನ್ನದೇ ದನಿ. “ಹೊಡದಿದ್ದು ಅಳಿಸಿಬಿಡ್ರಿ. ಇಲ್ಲಿ ಯಾರೂ ಇರಲಿಲ್ಲ. ನಾ ಸಾಯೂತನಕ ಹೇಳೂದಿಲ್ಲ. ಇದು ಗೊತ್ತಾಗಾಕ ಯಾರೂ ಇಲ್ರಿ.” ಆಗ ಬಾಯಾರು ಪರದೆಯಿಂದ ಕಣ್ಣು ತೆಗೆಯದೆ ಒಂದು ಮಾತು ಹೇಳಿದರು. ಅದನ್ನು ಈಗಲೇ ಬರೆದರೆ ಮುಂದೆ ಬರೆಯಲು ನನಗೆ ಬಾಯಿ ಇರುವುದಿಲ್ಲ.

ಆ ವರ್ಷ ಕನ್ನಡದ ಹುಡುಗಿಯರನ್ನು ಬಾಯಾರೇ ಫೋನು ಮಾಡಿ ಹಳಿಯಾಳದ ಇನ್ನೊಂದು ಕ್ಲಾಸಿಗೆ ಸೇರಿಸಿದರು. ಅಲ್ಲಿ ಕದ್ದ ಪ್ರತಿಯೇ ಇತ್ತು, ಅರ್ಕಾವತ್ತು ಸರಿಯಾಗಿ ಕೂರುತ್ತಿತ್ತು. ಮಳಗಿಯ ಹುಡುಗಿಯೊಬ್ಬಳು ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಂತು, “ನಾವು ಹೋದ್ರ ನಿಮಗ ಬ್ಯಾಸರ ಇಲ್ಲೇನ್ರಿ?” ಎಂದಳು. “ಬಸ್ಸು ಹೋಗ್ತೈತಿ, ಹೋಗವಾ” ಎಂದರು ಬಾಯಾರು. ಬೋರ್ಡಿನಲ್ಲಿ ‘ಕನ್ನಡ’ ಎಂಬ ಪದದ ಮೇಲೆ ಹಾಳೆ ಅಂಟಿಸಿದೆವು. ಅಂಟಿಸಿದವನು ನಾನೇ. ಮತ್ತೆ ಯಾರು ಅಂಟಿಸಬೇಕು.

ನಾನು ಕ್ಲಾಸಿಗೆ ಹೋಗುವುದನ್ನು ಬಿಡಲಿಲ್ಲ. ಅವರು ಬರಬೇಡ ಎನ್ನಲಿಲ್ಲ. ಅವರ ದನಿ ಮಾಡುವುದನ್ನು ಮಾತ್ರ ಬಿಟ್ಟೆ. ಗಂಟಲು ಕಟ್ಟಿದ ದಿನ ಬಾಯಾರು ಕೆಮ್ಮುತ್ತ ತಾವೇ ಡಿಕ್ಟೇಶನ್ ಕೊಟ್ಟರು.

ಈಚಿಮನಿಯಿಂದ ಉತ್ತರ ಬಂದಿತ್ತು. ಹೇಳಿದ್ದಕ್ಕೆ ಉಪಕಾರ, ನೀವು ಇದನ್ನು ಬರೆಯುವುದು ಬೇಡ, ಆದರೆ ಅದಕ್ಕೂ ಮೊದಲು ಹೊರಗೆ ನಿಂತು ಅಳೆದದ್ದೆಲ್ಲ ನಿಮ್ಮದೇ, ಅದನ್ನು ಕಳಿಸಿ. ಬಾಯಾರು ಕಳಿಸಿದರು. ಸ್ಕೇಲಿನ ಅಳತೆ, ಪರೀಕ್ಷೆ, ಎಲ್ಲವನ್ನೂ. ಆಮೇಲೆ ಆ ಮಾತು ಎತ್ತಲಿಲ್ಲ. ಅಷ್ಟರಲ್ಲಿ ಅವರಿಗೆ ಹುಷಾರಿಲ್ಲದಾಯಿತು. ಹುಬ್ಬಳ್ಳಿಗೆ ಹೋಗುವುದು, ಬರುವುದು. ಅದನ್ನು ಬರೆಯಲು ನನಗೆ ಏನೂ ಇಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ಯಾರ ದನಿಯನ್ನೂ ಮಾಡಲಿಲ್ಲ.

ಒಂದು ದಿನ ಈಚಿಮನಿಯ ಹೊಸ ಆವೃತ್ತಿ ಬಂತು. ಹಾಕಿ, ಬಾಯಾರ ಹೆಸರು ಹೊಡೆದೆ. ಅರ್ಕಾವತ್ತು ತನ್ನ ಮನೆಯಲ್ಲಿ ಕೂತಿತ್ತು. ಬಾಯಾರು ಮಲಗಿದ್ದ ಒಳಗಿನ ಕೋಣೆಗೆ ಹೋಗಿ ಹೇಳಿದೆ.

“ಬಾಯಾರ, ಕುಂತತ್ರಿ.”

“ಯಾರು ಕೂಡಸಿದ್ರು?”

“ಯಾರೋ ಒಬ್ಬಾಂವ್ರಿ. ಕನ್ನಡ ಬರೂದಿಲ್ಲಂತ ಅವಗ. ನಿಮ್ಮ ಅಳತಿ ನೋಡಿ ಕೂಡಸ್ಯಾನ.”

“ಯಾರೋ ಅಲ್ಲ. ಹೆಸರು ಓದು.”

ಓದಿದೆ. ನನ್ನ ನಾಲಿಗೆಗೆ ಹೊರಳದ ಹೆಸರು. ಎರಡನೆಯ ಸಲ ಓದಿಸಿದರು. ಅವರ ಬೆರಳುಗಳು ರಗ್ಗಿನ ಮೇಲೆ ಆ ಹೆಸರನ್ನು ಟೈಪ್ ಮಾಡಿದವು, ನಿಧಾನವಾಗಿ. “ಆಚಿಮನಿಯವರೂ ತಗೊಂಡ್ರೇನು?” ಎಂದು ಕೇಳಿದರು. ತೆಗೆದುಕೊಂಡಿದ್ದರು. “ಛಲೋ ಆತು” ಎಂದು ಗೋಡೆಯ ಕಡೆ ಹೊರಳಿದರು. ಬೋರ್ಡಿನ ಮೇಲಿನ ಹಾಳೆ ಕಿತ್ತೆ. ಅಂಟು ಉಳಿಯಿತು. ಆ ಬೋರ್ಡು ನೋಡಿ ಯಾರೂ ಬರಲಿಲ್ಲ, ಪರೀಕ್ಷೆಯ ಕಾಲವೂ ಅಲ್ಲ.

ಮಣ್ಣು ಮಾಡಿ ಬಂದ ಎರಡು ದಿನಕ್ಕೆ ಆಯಿ ನನ್ನನ್ನು ಅಡುಗೆಮನೆಗೆ ಕರೆದರು. “ಆಕಿ ದನಿ ಒಮ್ಮೆ ಮಾಡಪಾ, ಕೇಳ್ತೇನಿ” ಎಂದರು. ನಾನು ಬೇಡ ಎನ್ನಬೇಕಿತ್ತೋ ಏನೋ. ಮಾಡಿದೆ. “ಬೆನ್ನು ನೆಟ್ಟಗ, ಮಣಿಕಟ್ಟು ಮ್ಯಾಲ.” ಸರಿಯಾಗಿಯೇ ಬಂತು. ನನಗೆ ಏನೂ ಅನಿಸಲಿಲ್ಲ. ಆಯಿ “ದನಿ ಆಕೀದ ಐತಿ. ಆಕಿ ಸಿಟ್ಟು ಬರ್ಲಿಲ್ಲ” ಎಂದರು. ಹಾಲಿಗೆ ಹೆಪ್ಪು ಹಾಕಲು ಎದ್ದರು.

ಶಿವಗಣಾರಾಧನೆಯ ಕಾರ್ಡು ಹೊಡೆಸಲು ನನ್ನನ್ನೇ ಹಳಿಯಾಳದ ಪ್ರೆಸ್ಸಿಗೆ ಕಳಿಸಿದರು. ಪ್ರೆಸ್ಸಿನ ಮಾಲಕರು, ನಾವು ಕಾಕಾ ಎನ್ನುವವರು, ಫೋನಿನಲ್ಲಿ ಹೇಳಿದ್ದನ್ನು ಜೋಡಿಸಿ ಅಷ್ಟರಲ್ಲೇ ಮಷಿನ್ನು ಶುರು ಮಾಡಿಬಿಟ್ಟಿದ್ದರು. ಹಸಿ ಕಾರ್ಡು ಕೈಗೆ ಕೊಟ್ಟರು. ಹಳೆಯ ಸಾಫ್ಟ್‌ವೇರು, ಅದಕ್ಕೆ ಒಗ್ಗದ ಹೊಸ ಕಂಪ್ಯೂಟರು. ಬಾಯಾರ ಹೆಸರಿನ ಅರ್ಕಾವತ್ತು ಮುಂದಿನ ಅಕ್ಷರದ ಮೇಲೆ ಕೂತಿತ್ತು.

“ಕಾಕಾ, ನಿಲ್ಲಸ್ರಿ. ಹೆಸರು ತಪ್ಪೈತಿ. ಬಾಯಾರ ಮಷಿನ್ನಿನಾಗ ಹೊಡಕೊಂಡು ಸಂಜೀ ಬಸ್ಸಿಗೆ ಬರ್ತೇನಿ.”

ಕಾಕಾ ಕನ್ನಡಕ ಏರಿಸಿ ಕಾರ್ಡು ನೋಡಿದರು. “ಒಂದು ಒತ್ತು ಆಕಡೆ ಈಕಡೆ ಆಗೇತಿ. ಸತ್ತ ಮನಿ ಕಾರ್ಡು ತಮ್ಮಾ, ಜನಾ ತಾರೀಖು ನೋಡ್ತಾರ, ಊಟ ಎಲ್ಲೈತಿ ನೋಡ್ತಾರ. ಇದು ಗೊತ್ತಾಗಾಕ ಯಾರೂ ಇಲ್ಲ ಬಿಡು.”

ನನ್ನದೇ ಮಾತು. ಆ ಮಧ್ಯಾಹ್ನ ನಾನು ಆಡಿದ ಮಾತನ್ನು ನನ್ನಷ್ಟೇ ಸಲೀಸಾಗಿ ಆಡಿದರು. ಮಷಿನ್ನು ಹೊಡೆಯುತ್ತಲೇ ಇತ್ತು. ಬಾಯಾರು ಅಂದು ನನಗೆ ಏನು ಹೇಳಿದ್ದರೋ ಅದನ್ನೇ, ಒಂದು ಅಲ್ಪವಿರಾಮ ನುಂಗದೆ, ನನ್ನ ದನಿಯಲ್ಲಿ ಹೇಳಿದೆ. ಕಾಕಾ ಕೈ ಚಾಚಿ ಮಷಿನ್ನು ನಿಲ್ಲಿಸಿದರು. ಬಾಯಾರು ಹೇಳಿದ್ದು ಇಷ್ಟೇ:

“ಗೊತ್ತಾಗಾಕ ಯಾರೂ ಇಲ್ಲ ಅಂದಿಯಲ್ಲ, ಆ ‘ಯಾರೂ’ ಅನ್ನೂದರಾಗ ನನ್ನ ಯಾಕ ಸೇರಿಸಿದಿ?”